ನಾಲ್ಕು ಜನರ ದೋಣಿಗೆ ನಾನೇ ಕ್ಯಾಪ್ಟನ್

ಚಿಕ್ಕಮಗಳೂರು ಜಿಲ್ಲೆಯಲ್ಲಿ ಮೋಟಾರು ದೋಣಿಯ ಕಾಯಿದೆ ಕಾನೂನುಗಳನ್ನು ಅರೆದು ಕುಡಿದವನು ಯಾರಾದರೂ ಇದ್ದರೆ ಅದು ನಾನೊಬ್ಬನೇ ಎಂದು ಎದೆ ತಟ್ಟಿ ಹೇಳಿಕೊಂಡದ್ದು ಎಪ್ಪತ್ತೊಂಬತ್ತನೆಯ ಇಸವಿಯ ಜನವರಿಯಲ್ಲಿ. ಹಾಗೆ ಹೇಳಿಕೊಳ್ಳಲು ಯಾರ ಅಡ್ಡಿಯೂ ಇರಲಿಲ್ಲ. ಯಾಕೆಂದರೆ ನಮ್ಮ ಸುತ್ತಮುತ್ತ ಆಗ ಮೋಟಾರು ದೋಣಿಯೇ ಇರಲಿಲ್ಲ! ಫೆಬ್ರವರಿಯಲ್ಲಿ ದೋಣಿ ಬಂತು. ಅದನ್ನು ನೀರಿಗಿಳಿಸಲು ಹೋದೆ. ನನ್ನ ನೀರಿಳಿಯಿತು. ನಗುವವರು ನಗಬಹುದು. ನಾನೂ ಅರ್ಧದವರೆಗೆ ನಗುತ್ತಲೇ ಹೇಳುತ್ತೇನೆ. ಅಲ್ಲಿಂದ ಮುಂದೆ ನನಗೆ ನಗು ಬರುವುದಿಲ್ಲ.

ನನ್ನ ಹೆಸರು ಕೃಷ್ಣಯ್ಯ. ಮೂಡಿಗೆರೆ ಕಡೆಯ ಕಲ್ಲುಗುಡ್ಡೆ ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿಯಿಂದ ಹಿಡಿದು ಸಾಹುಕಾರರ ಪತ್ರವ್ಯವಹಾರದವರೆಗೆ ಎಲ್ಲವೂ ನನ್ನ ಪೆನ್ನಿನ ತುದಿಯಲ್ಲಿ. ನಾನು ಬರೆದರೆ ಅದು ನಡೆದಂತೆ, ಬರೆಯದಿದ್ದರೆ ನಡೆದೇ ಇಲ್ಲದಂತೆ. ನನ್ನ ಹೆಂಡತಿ ಮೂಕಾಂಬಿಕಾ. ಹೆಸರಿನ ಮೊದಲೆರಡು ಅಕ್ಷರಗಳನ್ನು ನಂಬಿ ಮದುವೆಯಾದೆ. ಶುದ್ಧ ಮೋಸ! ಹದಿನಾರು ವರ್ಷಗಳಲ್ಲಿ ನನ್ನ ಯಾವ ಮಾತಿಗೂ ಉತ್ತರ ಕೊಡದೆ ಬಿಟ್ಟವಳಲ್ಲ.

ನಮ್ಮ ಸಾಹುಕಾರರು ಜಯದೇವಪ್ಪನವರು. ಒಳ್ಳೆಯವರು, ಆದರೆ ಒಂದೊಂದು ವರ್ಷಕ್ಕೆ ಒಂದೊಂದು ಹುಚ್ಚು. ಹಿಂದಿನ ವರ್ಷ ಬಾತುಕೋಳಿ, ಅದರ ಹಿಂದಿನ ವರ್ಷ ಪಿಯಾನೋ. ಆ ವರ್ಷ ಮಂಗಳೂರಿನ ಸ್ನೇಹಿತರೊಬ್ಬರ ಹಳೆಯ ಮೋಟಾರು ದೋಣಿಯನ್ನು ಕೊಂಡು, ಲಾರಿಯಲ್ಲಿ ಚಾರ್ಮಾಡಿ ಘಾಟಿ ಹತ್ತಿಸಿ ತಂದುಬಿಟ್ಟರು. ಮರದ ದೋಣಿ, ನೀಲಿ ಬಣ್ಣ, ನಾಲ್ಕು ಜನ ಕೂರುವಷ್ಟು ಜಾಗ. ಹಿಂದುಗಡೆ ನೇತುಹಾಕುವ ಒಂದು ಪುಟ್ಟ ಎಂಜಿನ್. ಅದರ ಬುಡದಲ್ಲಿ ನೀರಿನೊಳಗೆ ತಿರುಗುವ ಫ್ಯಾನು.

ಎಸ್ಟೇಟಿನ ಅಂಚಿಗೆ ದೊಡ್ಡದೊಂದು ಕೆರೆಯಿದೆ. ಕೆರೆ ಸರ್ಕಾರದ್ದು. ಬೇಸಿಗೆಯಲ್ಲಿ ಕಾಫಿ ಹೂವಾಗಲು ಸ್ಪ್ರಿಂಕ್ಲರ್ ಹಾರಿಸುತ್ತೇವಲ್ಲ, ಅದಕ್ಕೆ ನೀರೆತ್ತಲು ನಮಗೆ ಪರವಾನಗಿ ಇತ್ತು. ದೋಣಿ ಬಿಡಲು ಇರಲಿಲ್ಲ. ಸಾಹುಕಾರರು ಬೆಂಗಳೂರಿಗೆ ಹೊರಡುವ ಮೊದಲು ನನ್ನನ್ನು ಕರೆದು ಹೇಳಿದರು:

"ಕೃಷ್ಣಯ್ಯ, ಮೊದ್ಲು ಮೂಡಿಗೆರೆ ಆಫೀಸಿಂದ ಪರ್ಮಿಶನ್ ತಗಳಿ. ನಾಲ್ಕು ಲೈಫ್ ಜಾಕೆಟ್ ಮಂಗ್ಳೂರಿಂದ ತರ್ಸಿ. ನಡೆಸಕ್ಕೆ ರಜಬ್ ಅಲಿಗೆ ಹೇಳಿದೀನಿ. ಇಷ್ಟೂ ಆಗೋವರ್ಗೆ ಯಾರೂ ಅದಕ್ಕೆ ಕೈ ಹಚ್ಚಬಾರ್ದು."

"ನಾನಿರುವಾಗ ಯಾರು ಹಚ್ಚುತ್ತಾರೆ ಸಾರ್!" ಎಂದೆ. ನಿಜವೇ. ನಾನಿದ್ದೆನಲ್ಲ!

ರಜಬ್ ಅಲಿ ಎಂದರೆ ಆಲ್ದೂರಿನ ಮೆಕ್ಯಾನಿಕ್. ಐವತ್ತೈದರ ಆಸುಪಾಸು, ಬಿಳಿಗಡ್ಡ, ಮಾತು ಕಡಿಮೆ. ನಮ್ಮ ಎಸ್ಟೇಟಿನ ಪಂಪು, ಕಾಫಿ ಹಣ್ಣು ಸುಲಿಯುವ ಪಲ್ಪರ್, ಜೀಪು ಎಲ್ಲವೂ ಅವರ ಕೈಯಲ್ಲೇ ಉಸಿರಾಡುತ್ತಿದ್ದವು. ಎಂಜಿನ್ನಿನ ಮೇಲೆ ಅಂಗೈಯಿಟ್ಟು, ವೈದ್ಯರು ನಾಡಿ ನೋಡುವಂತೆ ಕಣ್ಣು ಮುಚ್ಚಿ, "ಇದಕ್ಕೆ ಗಾಳಿ ಸಾಲ್ದು" ಎನ್ನುತ್ತಿದ್ದರು. ಹಾಗೇ ಆಗಿರುತ್ತಿತ್ತು. ಪ್ರಾಯದಲ್ಲಿ ಎಂಟು ವರ್ಷ ಮಲ್ಪೆಯ ಮೀನಿನ ಲಾಂಚಿನಲ್ಲಿ ಎಂಜಿನ್ ನೋಡಿಕೊಂಡಿದ್ದವರು. ಸಾಹುಕಾರರ ಲೆಕ್ಕದಲ್ಲಿ ದೋಣಿಗೆ ಅವರೇ ಯೋಗ್ಯರು. ನನ್ನ ಲೆಕ್ಕ ಬೇರೆ ಇತ್ತು. ದೋಣಿಗಿಂತ ಮೊದಲೇ, ಜನವರಿಯಲ್ಲೇ, ಅದರ ಇಪ್ಪತ್ತನಾಲ್ಕು ಪುಟದ ಇಂಗ್ಲಿಷ್ ಪುಸ್ತಕ ಅಂಚೆಯಲ್ಲಿ ಬಂದಿತ್ತು. ರಜಬ್ ಅಲಿಗೆ ಇಂಗ್ಲಿಷ್ ಬರುವುದಿಲ್ಲ. ನನಗೆ ಬರುತ್ತದೆ!

ಆ ಪುಸ್ತಕವನ್ನು ನಾನು ಕನ್ನಡಕ್ಕೆ ಇಳಿಸಿದೆ. ಸುಮ್ಮನೆ ಕನ್ನಡವಲ್ಲ, ಕಚೇರಿಯ ಕನ್ನಡ. "ಸದರಿ ನೌಕೆಯನ್ನು ಚಾಲನೆ ಮಾಡತಕ್ಕ ವ್ಯಕ್ತಿಯು ಚಿತ್ತಚಾಂಚಲ್ಯರಹಿತನಾಗಿರತಕ್ಕದ್ದು" ಎಂದು ಶುರುವಾಗುತ್ತಿತ್ತು. ಮಧ್ಯಾಹ್ನದ ಊಟದ ಹೊತ್ತಿಗೆ ಹೆಂಡತಿಗೆ ದಿನಕ್ಕೆರಡು ಪುಟ ಓದಿ ಹೇಳುತ್ತಿದ್ದೆ.

"ಓದಿದ್ದು ಸಾಕು ಮಾರಾಯ್ರೆ," ಎಂದಳು ಒಂದು ದಿನ, ಸಾರಿನ ಸೌಟು ಎತ್ತಿ ಹಿಡಿದು. "ನಿಮಗೆ ಈಜು ಬರ್ತದಾ?"

"ಈಜಬಾರದು ಅಂತಲೇ ದೋಣಿ ಇರೋದು ಕಣೇ!"

"ಅದು ಆ ಪುಸ್ತಕದಲ್ಲಿ ಉಂಟಾ?"

ಇರಲಿಲ್ಲ. ನಾನು ಮಜ್ಜಿಗೆ ಕೇಳಿದೆ.

ಪರವಾನಗಿಗೆ ಮೂಡಿಗೆರೆಗೆ ಹೋದೆ. ಎರಡು ಪುಟದ ಅರ್ಜಿ. ನೀರಾವರಿ ಇಲಾಖೆಯ ಇಂಜಿನಿಯರು ತಾಳ್ಮೆಯಿಂದ ಓದಿ, ನನ್ನನ್ನು ಮೇಲೆ ಕೆಳಗೆ ನೋಡಿ ಹೇಳಿದರು: "ಹದಿನೈದು ದಿನದೊಳಗೆ ನಾನೇ ಬಂದು ದೋಣಿ ನೋಡ್ತೇನೆ. ಎಷ್ಟು ಜನ ಹತ್ತಬಹುದು ಅಂತ ದೋಣಿ ಮೇಲೆ ಬರೆಸಿ. ಹತ್ತೋ ಎಲ್ರಿಗೂ ಜಾಕೆಟ್ ಇರ್ಬೇಕು. ನಡೆಸೋನು ಅನುಭವಸ್ಥ ಇರ್ಬೇಕು. ಆಮೇಲೆ ಕೊಡ್ತೇನೆ." ಹೊರಗೆ ಗುಮಾಸ್ತರು ಒಂದು ಚೀಟಿ ಬರೆದು, ಗುಂಡನೆಯ ಮೊಹರು ಒತ್ತಿ ನನ್ನ ಕೈಗಿತ್ತರು. ಎಂಥ ಮೊಹರು! ನೇರಳೆ ಬಣ್ಣ, ನಡುವೆ ಲಾಂಛನ, ಸುತ್ತ ಅಕ್ಷರ. ಬಸ್ಸಿನಲ್ಲಿ ಬರುವಾಗ ನಾಲ್ಕು ಸಲ ತೆಗೆದು ನೋಡಿದೆ. ಹ್ಯಾಂಡ್‌ಪೋಸ್ಟಿನ ಕೂಡುರಸ್ತೆ ದಾಟುವಷ್ಟರಲ್ಲಿ ಅದು ನನ್ನ ಕಣ್ಣಿಗೆ ಪರವಾನಗಿಯಾಗಿಯೇ ಕಾಣತೊಡಗಿತ್ತು.

ಲೈಫ್ ಜಾಕೆಟ್ ನಾಲ್ಕು ಕೇಳಿದ್ದಕ್ಕೆ ಎರಡು ಬಂದವು. ಉಳಿದೆರಡು ಮುಂದಿನ ವಾರದ ಪಾರ್ಸೆಲ್ಲಿಗೆ ಎಂದು ಬರೆದಿದ್ದರು.

ಇಷ್ಟಕ್ಕೇ ನಿಂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಆ ಶನಿವಾರ ನನ್ನ ಭಾವಮೈದ ನಾಗೇಶ ಬಂದ. ಮೂಕಾಂಬಿಕೆಯ ತಮ್ಮ, ಶಿವಮೊಗ್ಗದಲ್ಲಿ ಬ್ಯಾಂಕಿನ ಕೆಲಸ. ಹೊಸ ಮೋಟಾರ್‌ಸೈಕಲ್ಲಿನ ಹಿಂದೆ ತಾಯಿ ಸುಬ್ಬಲಕ್ಷ್ಮಮ್ಮನವರನ್ನು, ಅಂದರೆ ನನ್ನ ಅತ್ತೆಯವರನ್ನು, ಕೂರಿಸಿಕೊಂಡು ಬಂದಿದ್ದ. ಕಾಫಿ ಕುಡಿಯುವಾಗ ಮೋಟಾರ್‌ಸೈಕಲ್ಲಿನ ವಿಷಯ, ಊಟಕ್ಕೆ ಕೂತಾಗ ಮೋಟಾರ್‌ಸೈಕಲ್ಲಿನ ವಿಷಯ, ಎಲೆಯಡಿಕೆಗೂ ಮೋಟಾರ್‌ಸೈಕಲ್ಲು! ಕೊನೆಗೆ ಹೇಳಿದ: "ಭಾವ, ನೀವೂ ಒಂದು ಗಾಡಿ ಕಲೀಬೇಕಿತ್ತು. ಬರೀ ಹಾಜರಿ ಪುಸ್ತಕದಲ್ಲೇ ಕಾಲ ಕಳೆದುಬಿಟ್ರಿ."

ಅತ್ತೆ, "ಅವರಿಗೆ ಅದೆಲ್ಲ ಆಗಿಬರೋದಿಲ್ಲ ಕಣೋ" ಎಂದರು. ಅನುಕಂಪದಿಂದಲೇ ಅಂದರು. ಅದೇ ಚುಚ್ಚಿದ್ದು.

"ನಾಗೇಶಾ," ಎಂದೆ, ಗಂಟಲು ಸರಿಪಡಿಸಿಕೊಂಡು. "ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ನಿಮಗೆಲ್ಲ ಕೆರೆಯಲ್ಲಿ ಮೋಟಾರು ದೋಣಿ ವಿಹಾರ. ಚಾಲಕ ಯಾರು ಅಂತ ಕೇಳಬೇಡ."

ಮೂಕಾಂಬಿಕಾ ನನ್ನನ್ನು ಅಡುಗೆಮನೆಗೆ ಕರೆದಳು.

"ಸಾವ್ಕಾರ್ರು ಕೈ ಹಚ್ಚಬಾರ್ದು ಅಂದಿದ್ರಲ್ಲ?"

"ಪರ್ಮಿಶನ್ ಬರುವ ತನಕ ಅಂದಿದ್ರು. ಬಂತಲ್ಲ, ನೋಡು!" ಎಂದು ಚೀಟಿ ಹಿಡಿದೆ.

ಅವಳು ಬೆಳಕಿಗೆ ಹಿಡಿದು ಓದಿದಳು. "ಇದರಲ್ಲಿ 'ಅರ್ಜಿ ತಲುಪಿದೆ' ಅಂತ ಉಂಟು."

"ತಲುಪಿದ ಮೇಲೆ ಇನ್ನೇನು?"

"ಕೊಟ್ಟಿದೆ ಅಂತ ಇಲ್ಲ."

"ಮೊಹರು ನೋಡು, ಮೊಹರು!"

ಅವಳು ನನ್ನ ಮುಖ ನೋಡಿದಳು, ಆಮೇಲೆ ಜಗಲಿಯ ಕಡೆ ನೋಡಿದಳು. ಅಲ್ಲಿ ಅವಳ ತಮ್ಮ ಮೋಟಾರ್‌ಸೈಕಲ್ ಒರೆಸುತ್ತಿದ್ದ. "ರಜಬ್ ಸಾಬ್ರು ಜೊತೆಗಿದ್ರೆ ಸರಿ" ಎಂದಳು. ನನ್ನ ಮರ್ಯಾದೆಗಾಗಿ ಅವಳು ಸೋತದ್ದು ಅದೊಂದೇ ಸಲ. ಆ ಸಲವೇ ಗೆದ್ದಿರಬೇಕಿತ್ತು.

ಭಾನುವಾರ ಹನ್ನೊಂದು ಗಂಟೆಗೆ ಕೆರೆಯ ಏರಿಯ ಮೇಲೆ ನಮ್ಮ ಮೆರವಣಿಗೆ. ರಜಬ್ ಅಲಿ ಅಲ್ಲೇ ಇದ್ದರು. ಕಾಫಿ ಹೂವಿನ ನೀರಿಗೆ ದಿನ ಹತ್ತಿರ ಬಂದಿದ್ದರಿಂದ ಪಂಪು ಬಿಚ್ಚಿ ಹರಡಿಕೊಂಡಿದ್ದರು. ನನ್ನನ್ನು ನೋಡಿ ಕೈ ಒರೆಸಿಕೊಳ್ಳುತ್ತಾ ಎದ್ದರು. ಎದ್ದರು ಅಂದರೆ ಬೆದರಿದರು. ನಾನು ಬಿಳಿ ಪ್ಯಾಂಟು, ಬಿಳಿ ಅಂಗಿ, ಅದರ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟು ಹಾಕಿಕೊಂಡಿದ್ದೆ.

ಇನ್ನೊಂದು ಜಾಕೆಟ್ಟು? ಅದನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದಿರಲಿಲ್ಲ. ಸಾಹುಕಾರರು ನೋಡುವ ಮೊದಲು ಕೊಳೆಯಾಗಬಾರದಲ್ಲ! ಅತ್ತೆಯವರಿಗೆ ಹಲಗೆ ಒತ್ತುತ್ತದೆ ಎಂದು ಕವರಿನ ಸಮೇತ ಅದರ ಮೇಲೆ ಕೂರಿಸಿದೆ. ಜೀವ ಉಳಿಸುವ ವಸ್ತುವಿನ ಮೇಲೆ ಅತ್ತೆಯನ್ನು ಕೂರಿಸಿ, ಇನ್ನೊಂದನ್ನು ನಾನೇ ತೊಟ್ಟು, ಹೆಂಡತಿಯನ್ನು ಬರಿಯ ಸೀರೆಯಲ್ಲಿ ನೀರಿನ ಮೇಲೆ ಕರೆದೊಯ್ದ ಗಂಡ ನಾನು. ಆಗ ಹಾಗನ್ನಿಸಲಿಲ್ಲ. ಆಗ ನನಗೆ ಅನ್ನಿಸಿದ್ದು, ಕ್ಯಾಪ್ಟನ್ ಎಂದರೆ ಸಮವಸ್ತ್ರ ಬೇಕು ಎಂದು.

ರಜಬ್ ಅಲಿ ದೋಣಿಯೊಳಗೆ ಕಾಲಿಟ್ಟು ಎಂಜಿನ್ನಿನ ಪಕ್ಕ ಕೂತರು. ನಾಗೇಶ, ಅತ್ತೆ, ಮೂಕಾಂಬಿಕಾ, ನಾನು. ಎಣಿಸಿದೆ. ಐದು!

"ಸಾಬ್ರೇ, ಪುಸ್ತಕದ ಮೂರನೇ ಪುಟದಲ್ಲಿ ನಾಲ್ಕೇ ಜನ ಅಂತ ಇದೆ. ಐದು ಜನ ಹತ್ತಿದರೆ ಕಾನೂನು ಬಾಹಿರ."

"ಹೌದು ರೈಟರೇ, ಐದು ಜಾಸ್ತಿ ಆಯ್ತು. ಯಾರಾದ್ರೂ ಒಬ್ರು ಇಳೀಲಿ."

"ನೀವು ಇಳೀರಿ."

ಅವರು ನನ್ನನ್ನೇ ನೋಡಿದರು. "ನಾನು ಇಳಿದ್ರೆ ನಡೆಸೋರು ಯಾರು ಮಾರಾಯ್ರೆ?"

"ಪುಸ್ತಕ ಪೂರ್ತಿ ಓದಿದವರು."

ನಾಗೇಶ ಕಿಸಕ್ಕೆಂದ. ಆ ನಗು ರಜಬ್ ಅಲಿಯನ್ನು ಕುರಿತದ್ದು ಎಂದು ನಾನು ತಿಳಿದುಕೊಂಡೆ. ಮೂಕಾಂಬಿಕಾ, "ರೀ, ನಾನೇ ಇಳೀತೀನಿ, ಸಾಬ್ರು ಇರಲಿ" ಎಂದಳು. "ಕೂತ್ಕೊಳ್ಳೇ ಸುಮ್ಮನೆ!" ಎಂದೆ. ಇಪ್ಪತ್ತನಾಲ್ಕು ಪುಟಗಳಲ್ಲಿ ನಾನು ಅಕ್ಷರಶಃ ಪಾಲಿಸಿದ ನಿಯಮ ಅದೊಂದೇ. ಅದನ್ನು ಪಾಲಿಸಲು, ದೋಣಿ ಬಲ್ಲ ಒಬ್ಬನೇ ಮನುಷ್ಯನನ್ನು ದಡದಲ್ಲಿ ಇಳಿಸಿದೆ.

ರಜಬ್ ಅಲಿಗೆ ಸಿಟ್ಟು ಬಂದಿರಬೇಕು. ತೋರಿಸಲಿಲ್ಲ. ಮೊಣಕಾಲುದ್ದದ ನೀರಿನಲ್ಲಿ ನಿಂತು ದೋಣಿಯ ಅಂಚು ಹಿಡಿದೇ ಹೇಳಿದರು: "ನೋಡಿ, ಇದಕ್ಕೆ ಗೇರಿಲ್ಲ. ಸ್ಟಾರ್ಟ್ ಆದ ಕೂಡ್ಲೇ ಓಡ್ತದೆ. ಈ ಹಿಡಿ ಎಡಕ್ಕೆ ತಳ್ಳಿದ್ರೆ ದೋಣಿ ಬಲಕ್ಕೆ ಹೋಗ್ತದೆ, ಬಲಕ್ಕೆ ತಳ್ಳಿದ್ರೆ ಎಡಕ್ಕೆ. ಎಡಗಡೆ ಆ ಮೂಲೆಗೆ ಹೋಗ್ಬೇಡಿ, ಏರಿ ಎತ್ತರ ಮಾಡ್ದಾಗ ಮುಳುಗಿದ ಮರದ ಬೊಡ್ಡೆಗಳು ಉಂಟು. ಬಂದ್ ಮಾಡಕ್ಕೆ ಈ ಕೆಂಪು ಗುಂಡಿ. ಯಾರಾದ್ರೂ ನೀರಿಗೆ ಬಿದ್ರೆ ಮೊದ್ಲು ಎಂಜಿನ್ ಬಂದ್. ಬೇರೆ ಎಲ್ಲ ಆಮೇಲೆ. ಗೊತ್ತಾಯ್ತಾ?"

"ಎಲ್ಲ ಹನ್ನೆರಡನೇ ಪುಟದಲ್ಲಿದೆ" ಎಂದೆ.

ಎಂಜಿನ್ನಿನ ತಲೆಗೆ ಹಗ್ಗ ಸುತ್ತಿ ಎಳೆಯಬೇಕು. ಎಳೆದೆ. ಹಗ್ಗ ಬಿಚ್ಚಿಕೊಂಡು ಹಿಂದಕ್ಕೆ ಹಾರಿ ನಾಗೇಶನ ತಂಪು ಕನ್ನಡಕವನ್ನು ಕೆರೆಗೆ ಅರ್ಪಿಸಿತು. ಎರಡನೆಯ ಸಲ ಅತ್ತೆಯವರ ತುರುಬಿಗೆ ಬಡಿಯಿತು. "ಅಳಿಯಂದ್ರೇ, ನಮ್ಮನ್ನ ಹೊಡೆಯಕ್ಕೆ ಕರ್ಕೊಂಡು ಬಂದ್ರಾ?" ಎಂದರು. ಏಳನೆಯ ಎಳೆತಕ್ಕೆ ಎಂಜಿನ್ ಕೆಮ್ಮಿ, ಉಗುಳಿ, ಗುಡುಗಿತು. ದೋಣಿ ಗಕ್ಕನೆ ಮುಂದಕ್ಕೆ ಹಾರಿತು. ನಾನು ಕೂತಲ್ಲಿಂದ ಹಿಂದಕ್ಕೆ ಬಿದ್ದೆ. ಬಿದ್ದ ರಭಸಕ್ಕೆ ಹಿಡಿಯನ್ನು ಹಿಡಿದುಕೊಂಡದ್ದರಿಂದ ನೋಡುವವರಿಗೆ ಅದು ಚಾಲನೆಯಂತೆಯೇ ಕಂಡಿರಬೇಕು.

ಐದು ನಿಮಿಷ. ಆ ಐದು ನಿಮಿಷ ಮಾತ್ರ ನನ್ನದು. ಕೆರೆಯ ನಡುವೆ ನೆಟ್ಟಗೆ ಹೋಗುತ್ತಿದ್ದೆವು. ನೀರು ಎರಡು ಪಾಲಾಗಿ ಸರಿಯುತ್ತಿತ್ತು. ನಾಗೇಶ ಮೋಟಾರ್‌ಸೈಕಲ್ಲಿನ ಮಾತೆತ್ತಲಿಲ್ಲ. ಮೂಕಾಂಬಿಕಾ ಬಗ್ಗಿ ನೀರಿಗೆ ಕೈ ಇಳಿಬಿಟ್ಟು ಹುಡುಗಿಯಂತೆ ನಕ್ಕಳು. ತಿರುಗಿ ನನ್ನನ್ನು ನೋಡಿದಳು. ಮೆಚ್ಚಿ ನೋಡಿದಳು! ಆ ನೋಟಕ್ಕೆ ನಾನು ಉಬ್ಬಿಹೋದೆ. ಇನ್ನೂ ಸ್ವಲ್ಪ ವೇಗ ಹೆಚ್ಚಿಸಿದೆ.

ದಡದಿಂದ ರಜಬ್ ಅಲಿ ಎರಡೂ ಕೈ ಬೀಸುತ್ತಾ ಏನೋ ಕೂಗಿದರು. ನಾನೂ ಕೈ ಬೀಸಿದೆ. ಅವರು ಇನ್ನೂ ಜೋರಾಗಿ ಬೀಸಿದರು. ನಾನೂ ಜೋರಾಗಿ ಬೀಸಿದೆ. ಆಮೇಲೆ ಮುಂದೆ ನೋಡಿದರೆ ಬೊಡ್ಡೆಗಳು! ಕಪ್ಪಗೆ, ನೀರಿನಿಂದ ಗೇಣುದ್ದ ಮೇಲೆ.

ಬಲಕ್ಕೆ ಹೋಗಬೇಕು. ಹೆಸರಿಗೆ ರೈಟರ್ ಆದ ನಾನು ಹಿಡಿಯನ್ನು ರೈಟಿಗೇ ತಳ್ಳಿದೆ. ದೋಣಿ ಶಿಸ್ತಾಗಿ ಎಡಕ್ಕೆ, ಬೊಡ್ಡೆಗಳ ನಡುವಿಗೆ ಹೋಯಿತು. ಇನ್ನೂ ಬಲವಾಗಿ ತಳ್ಳಿದೆ. ಇನ್ನೂ ಎಡಕ್ಕೆ ಹೋಯಿತು. ದಡ್ ಎಂದು ಒಂದಕ್ಕೆ ಬಡಿಯಿತು. ಅತ್ತೆ "ಅಯ್ಯೋ!" ಎಂದು ಎದ್ದು ನಿಂತರು. ಓಡುವ ದೋಣಿಯಲ್ಲಿ ಯಾರೂ ಏಳಬಾರದು, ಒಂಬತ್ತನೆಯ ಪುಟ. ಹೇಳಿಟ್ಟಿದ್ದರೆ ತಾನೇ ಅವರಿಗೆ ಗೊತ್ತಾಗುವುದು! ದೋಣಿ ಒಂದು ಮಗ್ಗುಲಿಗೆ ವಾಲಿತು. ಮೂಕಾಂಬಿಕಾ ನೀರಿಗೆ ಬಿದ್ದಳು.

ನಗು ಇಲ್ಲಿಯವರೆಗೆ.

ಅವಳು ಒಮ್ಮೆ ಮುಳುಗಿದಳು. ಎದ್ದಳು. ಒಂದು ಬೊಡ್ಡೆಯನ್ನು ತಬ್ಬಿಕೊಂಡಳು. ಸೀರೆ ನೀರು ಕುಡಿದು ಕೆಳಗೆಳೆಯುತ್ತಿತ್ತು. ಅವಳು ಕೂಗಲಿಲ್ಲ. ನನ್ನನ್ನು ನೋಡುತ್ತಿದ್ದಳು ಅಷ್ಟೆ. ನಾನು ಅವಳ ಹತ್ತಿರ ಹೋಗಬೇಕೆಂದು ಹಿಡಿ ತಿರುಗಿಸಿದೆ, ದೋಣಿ ದೂರ ಹೋಯಿತು. ಮತ್ತೆ ತಿರುಗಿಸಿದೆ, ಅವಳ ಸುತ್ತ ಪ್ರದಕ್ಷಿಣೆ ಹಾಕತೊಡಗಿತು. ನಾಗೇಶ "ಭಾವಾ, ನಿಲ್ಸಿ! ನಿಲ್ಸಿ!" ಎಂದು ಅರಚುತ್ತಿದ್ದ. ಕೆಂಪು ಗುಂಡಿ ನನ್ನ ಮೂಗಿನ ಮುಂದೆಯೇ ಇತ್ತು. ಅದನ್ನು ಒತ್ತಬೇಕೆಂದು ನನಗೆ ಹೊಳೆಯಲೇ ಇಲ್ಲ. ಇಪ್ಪತ್ತನಾಲ್ಕು ಪುಟಗಳೂ ತಲೆಯಿಂದ ತೊಳೆದು ಹೋಗಿದ್ದವು.

ರಜಬ್ ಅಲಿ ಆಗಲೇ ನೀರಿಗೆ ಹಾರಿದ್ದರು. ಅಂಗಿಯ ಸಮೇತ ಈಜಿಕೊಂಡು ಬಂದರು. ಆ ವಯಸ್ಸಿನಲ್ಲಿ ಅಷ್ಟು ದೂರ! ಮೂಕಾಂಬಿಕೆಯ ರಟ್ಟೆ ಹಿಡಿದರು. "ಹೆದರ್ಬೇಡಿ ಅಮ್ಮ, ಬೊಡ್ಡೆ ಬಿಡ್ಬೇಡಿ" ಎಂದದ್ದು ಕೇಳಿಸಿತು. ನನ್ನ ಕಡೆ ತಿರುಗಿ, "ಎಂಜಿನ್ ಬಂದ್ ಮಾಡಿ! ಹತ್ರ ಬರ್ಬೇಡಿ, ಬಂದ್ ಮಾಡಿ!" ಎಂದರು.

ನಾನು ಹತ್ತಿರ ಹೋದೆ. ನೆರವಾಗಬೇಕೆಂದೇ ಹೋದೆ. ಅಷ್ಟನ್ನು ನಂಬಿ. ದೋಣಿಯ ಮೂತಿ ಅವರನ್ನು ದಾಟಿತು, ಹಿಂಭಾಗ ಅವರ ಕಡೆಗೆ ಬೀಸಿಕೊಂಡು ಬಂತು. ರಜಬ್ ಅಲಿ ಮೂಕಾಂಬಿಕೆಯನ್ನು ಎಡಗೈಯಲ್ಲಿ ಆಚೆ ತಳ್ಳಿ, ಬಲಗೈಯಲ್ಲಿ ದೋಣಿಯನ್ನು ತಡೆದರು. ಅವರ ಕೈ ಜಾರಿ ಕೆಳಗೆ ಹೋಯಿತು. ಎಂಜಿನ್ನಿನ ಸದ್ದು ಒಂದು ಕ್ಷಣ ಬದಲಾಯಿತು. ಅಷ್ಟೆ. ಎಡಗೈ ಮೇಲೆತ್ತಿ ಅವರೇ ಕೆಂಪು ಗುಂಡಿ ಒತ್ತಿದರು.

ಕೆರೆ ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ ರಜಬ್ ಅಲಿ ಹೇಳಿದರು: "ಮೊದ್ಲು ಅಮ್ಮನ್ನ ಹತ್ತಿಸಿಕೊಳ್ಳಿ."

ನಾಗೇಶ ಅಕ್ಕನನ್ನು ಎಳೆದುಕೊಂಡ, ಆಮೇಲೆ ಅವರನ್ನು. ಅವರ ಬಲಗೈ ನಾನು ನೋಡಲಿಲ್ಲ. ನೋಡಲು ಆಗಲಿಲ್ಲ. ಮೂಕಾಂಬಿಕಾ ನಡುಗುತ್ತಲೇ ತನ್ನ ಸೀರೆಯ ಸೆರಗು ಹರಿದು ಆ ಕೈಗೆ ಸುತ್ತಿ ಎರಡೂ ಕೈಯಲ್ಲಿ ಒತ್ತಿ ಹಿಡಿದಳು. ದೋಣಿಯಲ್ಲಿದ್ದ ಹುಟ್ಟಿನಿಂದ ನಾಗೇಶ ದಡ ಮುಟ್ಟಿಸಿದ. ಐದು ಜನ ಇದ್ದೆವು. ದೋಣಿ ಮುಳುಗಲಿಲ್ಲ.

ಎಸ್ಟೇಟಿನ ಜೀಪಿನಲ್ಲಿ ಚಿಕ್ಕಮಗಳೂರಿನ ದೊಡ್ಡಾಸ್ಪತ್ರೆಗೆ. ಬಲಗೈಯ ಕಿರುಬೆರಳು, ಉಂಗುರ ಬೆರಳು ಎರಡೂ ಹೋದವು. ಉಳಿದ ಕೈಯನ್ನು ಡಾಕ್ಟರು ಉಳಿಸಿದರು. ನಾನು ಆಸ್ಪತ್ರೆಯ ಜಗಲಿಯಲ್ಲಿ ಕೂತೇ ಇದ್ದೆ. ಒಬ್ಬ ನರ್ಸಮ್ಮ ಬಂದು, "ಇದನ್ನ ಇನ್ನೂ ಯಾಕೆ ಹಾಕ್ಕೊಂಡಿದೀರಿ?" ಎಂದರು. ಕಿತ್ತಳೆ ಜಾಕೆಟ್ಟು ಇನ್ನೂ ನನ್ನ ಮೈಮೇಲೇ ಇತ್ತು. ಒಂದು ಹನಿ ನೀರು ತಾಗಿರಲಿಲ್ಲ ಅದಕ್ಕೆ.

ಮರುದಿನ ಇಲಾಖೆಯಿಂದ ಹೇಳಿ ಕಳಿಸಿದರು, ನಡೆದದ್ದನ್ನು ಬರೆದುಕೊಡಿ ಎಂದು. ಬರೆಯುವುದು ನನ್ನ ಕಸುಬು. ಮೇಜಿನ ಮುಂದೆ ಕೂತು ಒಂದೇ ಏಟಿಗೆ ಬರೆದೆ: "ಸದರಿ ರಜಬ್ ಅಲಿ ಎಂಬುವರು ಯಾರ ಆದೇಶವೂ ಇಲ್ಲದೆ ಸ್ವಇಚ್ಛೆಯಿಂದ ನೀರಿಗಿಳಿದು, ಚಾಲನೆಯಲ್ಲಿದ್ದ ಯಂತ್ರದ ಸಮೀಪ ಬಂದ ಕಾರಣ ಅಪಘಾತವು ಸಂಭವಿಸಿರುತ್ತದೆ." ಒಂದಕ್ಷರ ಸುಳ್ಳಿಲ್ಲ. ಓದಿಕೊಂಡೆ. ಚೆನ್ನಾಗಿಯೇ ಇತ್ತು. ಅದೇ ಭಯಂಕರ.

ಕೆರೆಯಿಂದ ಬಂದ ಮೇಲೆ ಮೂಕಾಂಬಿಕಾ ನನ್ನೊಡನೆ ಒಂದು ಮಾತೂ ಆಡಿರಲಿಲ್ಲ. ಹಿಂದಿನಿಂದ ಬಂದು ಹಾಳೆ ತೆಗೆದುಕೊಂಡಳು. ಓದಿದಳು.

"ಇದರಲ್ಲಿ ನಾನು ಎಲ್ಲಿದೀನಿ?" ಎಂದಳು.

"ಎಂತ?"

"ನೀರಿಗೆ ಬಿದ್ದಿದ್ದು ನಾನು. ನಾನು ಇದರಲ್ಲಿ ಎಲ್ಲೂ ಇಲ್ಲ. ಹಾಗಾದ್ರೆ ಅವರು ಯಾರಿಗೋಸ್ಕರ ನೀರಿಗೆ ಇಳಿದ್ರು? ಸ್ನಾನಕ್ಕಾ?"

"ಕಚೇರಿಗೆ ಬರೆಯುವಾಗ ಅಷ್ಟೆಲ್ಲ..."

"ನಿಮ್ಮ ಕೆಲಸ ಹೋಗ್ತದೆ ಅಂತ ಹೆದರಿಕೆಯಾ? ಹೋಗಲಿ. ನಾನು ಹಪ್ಪಳ ಮಾಡಿ ಮಾರ್ತೀನಿ. ಇದನ್ನ ಕೊಟ್ರೆ ಮಾತ್ರ ಆ ಮನುಷ್ಯನ ಮುಂದೆ ನಾನು ಹೇಗೆ ನಿಲ್ಲಲಿ ರೀ?" ಹಾಳೆಯನ್ನು ನನ್ನ ಮುಂದಿಟ್ಟಳು. "ನೀವು ಹೇಗೆ ನಿಲ್ತೀರಿ?"

ಹಾಳೆ ಹರಿದೆ. ಹೊಸದೊಂದು ತೆಗೆದುಕೊಂಡೆ. ಅವಳು ಪಕ್ಕದಲ್ಲೇ ನಿಂತಳು. ಜೀವನದಲ್ಲಿ ಮೊದಲ ಸಲ 'ಸದರಿ' ಇಲ್ಲದೆ ಬರೆದೆ. ಪರವಾನಗಿ ಬಂದಿರಲಿಲ್ಲ, ನನಗೆ ಗೊತ್ತಿತ್ತು. ಸಾಹುಕಾರರು ಬೇಡ ಅಂದಿದ್ದರು, ನನಗೆ ಗೊತ್ತಿತ್ತು. ಜಾಕೆಟ್ಟು ಎರಡೇ ಇದ್ದವು, ಒಂದನ್ನು ನಾನು ಹಾಕಿಕೊಂಡೆ. ದೋಣಿ ಬಲ್ಲವರನ್ನು ಇಳಿಸಿದೆ. ನಿಲ್ಲಿಸು ಎಂದರೂ ನಿಲ್ಲಿಸಲಿಲ್ಲ. ನನ್ನ ಹೆಂಡತಿಯನ್ನು ಉಳಿಸಲು ಬಂದವರ ಕೈ ನನ್ನಿಂದ ಹೋಯಿತು. ಅರ್ಧ ಪುಟಕ್ಕೇ ಮುಗಿಯಿತು.

ಇಂಜಿನಿಯರು ಅದನ್ನು ಎರಡು ಸಲ ಓದಿದರು. "ನನ್ನ ಸರ್ವೀಸಿನಲ್ಲಿ ಇಷ್ಟು ಚಿಕ್ಕ ಹೇಳಿಕೆ ನೋಡಿಲ್ಲ" ಎಂದರು. ದಂಡ ಹಾಕಿದರು. ಇನ್ನು ಆ ಕೆರೆಗೆ ದೋಣಿ ಇಳಿಸಕೂಡದು ಎಂದು ಬರೆದರು. ಆ ಸಲದ ಕಾಗದಕ್ಕೂ ಮೊಹರು ಒತ್ತಿದರು. ಅದನ್ನು ನಾನು ತೆಗೆದು ನೋಡಲಿಲ್ಲ.

ಸಾಹುಕಾರರು ಬೆಂಗಳೂರಿನಿಂದ ಬಂದವರು ನೇರ ಆಸ್ಪತ್ರೆಗೆ ಹೋಗಿ, ಆಮೇಲೆ ಎಸ್ಟೇಟಿಗೆ ಬಂದರು. ಬೈಯುತ್ತಾರೆ, ಕೆಲಸದಿಂದ ತೆಗೆಯುತ್ತಾರೆ ಎಂದು ತಯಾರಾಗಿ ನಿಂತಿದ್ದೆ. ಬೈಯಲಿಲ್ಲ. ನನ್ನ ಮೇಜಿನ ಮೇಲಿದ್ದ ಪೆನ್ನನ್ನು ಎತ್ತಿ ನೋಡಿ, ಅಲ್ಲೇ ಇಟ್ಟು ಹೇಳಿದರು:

"ಪೆನ್ನು ಹಿಡಿಯಕ್ಕೆ ಮೂರು ಬೆರಳು ಸಾಕು ಕೃಷ್ಣಯ್ಯ. ಸ್ಪ್ಯಾನರ್ ಹಿಡಿಯಕ್ಕೆ ಐದೂ ಬೇಕು."

ಬೈದಿದ್ದರೆ ಚೆನ್ನಾಗಿತ್ತು.

ರಜಬ್ ಅಲಿಯವರನ್ನು ನೋಡಲು ಹೋಗಬೇಕು ಎಂದು ದಿನವೂ ಅಂದುಕೊಳ್ಳುತ್ತಿದ್ದೆ. ಮೂಕಾಂಬಿಕಾ ಆಸ್ಪತ್ರೆಗೆ ಎರಡು ಸಲ ಹೋಗಿಬಂದಳು. ನಾನು ಮಾತ್ರ ಕೆಲಸದ ನೆಪ, ಬಸ್ಸಿನ ನೆಪ, ಕೊನೆಗೆ ನೆಗಡಿಯ ನೆಪ. ಹೂವಿನ ನೀರಿಗೆ ಪಂಪು ಜೋಡಿಸಲು ಬೇಲೂರಿನಿಂದ ಬೇರೆ ಮೆಕ್ಯಾನಿಕ್ಕು ಬಂದು, ಮೂರು ದಿನ ಒದ್ದಾಡಿ, ಕೊನೆಗೆ ನನ್ನನ್ನೇ ಕೇಳಿದ: "ಮುಂಚೆ ಇದನ್ನ ನೋಡ್ಕೊಳ್ತಿದ್ದೋರು ಯಾರು ಸಾರ್? ಅವರನ್ನೇ ಕರೆಸಿ." ಅವತ್ತು ಮಧ್ಯಾಹ್ನವೇ ಒಂದು ಚೀಲ ಕಿತ್ತಳೆ ಹಿಡಿದು ಆಲ್ದೂರಿನ ಬಸ್ಸು ಹತ್ತಿದೆ. ಹೊತ್ತಾದರೆ ಮತ್ತೆ ಧೈರ್ಯ ಹೋಗುತ್ತದೆಂದು ಊಟವನ್ನೂ ಮಾಡಲಿಲ್ಲ.

ಶುಕ್ರವಾರ. ವರ್ಕ್‌ಶಾಪಿನ ಬಾಗಿಲು ಹಾಕಿತ್ತು. ಪಕ್ಕದಲ್ಲೇ ಮನೆ. ಬಾಗಿಲಿಗೆ ಪರದೆ. ಅದರ ಹಿಂದಿನಿಂದ ಒಂದು ಹೆಣ್ಣು ದನಿ: "ಯಾರು?"

"ಎಸ್ಟೇಟಿನಿಂದ ಬಂದೆ. ಸಾಬ್ರು ಇದ್ದಾರಾ?"

"ನಮಾಜಿಗೆ ಹೋಗಿದ್ದಾರೆ, ಈಗ ಬರ್ತಾರೆ. ಕೂತ್ಕೊಳ್ಳಿ."

ಜಗಲಿಯ ಬೆಂಚಿನ ಮೇಲೆ ಕೂತೆ. ರಜಬ್ ಅಲಿಯವರ ಹೆಂಡತಿ ಮರಿಯಂ ಇರಬೇಕು ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಪರದೆಯ ಅಂಚಿನಿಂದ ಒಂದು ಬಳೆಯ ಕೈ ಬಂದು ಸ್ಟೂಲಿನ ಮೇಲೆ ಚಾ ಇಟ್ಟಿತು. ಆಮೇಲೆ ಆಕೆ ಕೇಳಿದರು:

"ಎಸ್ಟೇಟಿಂದಾ? ಕಲ್ಲುಗುಡ್ಡೆಯಿಂದಾ? ಹಾಗಾದ್ರೆ ನಿಮಗೆ ಆ ರೈಟರ್ ಗೊತ್ತಿರ್ಬೇಕಲ್ಲ!"

ನಾನು ಎದ್ದು ಹೆಸರು ಹೇಳಬೇಕಿತ್ತು.

"ಗೊತ್ತು" ಎಂದೆ.

"ಎಂಥಾ ಮನುಷ್ಯ ಅವನು? ಪುಸ್ತಕ ಓದಿ ದೋಣಿ ಬಿಟ್ಟನಂತೆ! ಪುಸ್ತಕ ಓದಿ ರೊಟ್ಟಿ ತಟ್ಟಕ್ಕಾದ್ರೂ ಆಗ್ತದಾ?"

"ಆಗಲ್ಲಮ್ಮ."

"ಕಟ್ಟಿಕೊಂಡ ಹೆಂಡ್ತಿಗೆ ಜಾಕೀಟು ಇಲ್ಲ, ತಾನು ಹಾಕ್ಕೊಂಡಿದ್ನಂತೆ. ನಾಚಿಕೆ ಬೇಡ್ವಾ?"

"ಬೇಕಿತ್ತು."

"ಆ ಅಮ್ಮ ಬಂದಿದ್ರು ಆಸ್ಪತ್ರೆಗೆ. ನನ್ನ ಕೈ ಹಿಡ್ಕೊಂಡು ಅತ್ರು. ಅವರನ್ನ ಕಂಡು ನಾನೂ ಅತ್ತೆ. ಅವನು ಒಂದು ದಿನ ಬಂದ್ನಾ? ಮುಖ ತೋರ್ಸಿದ್ನಾ? ಹೇಡಿ!"

ಚಾ ಹಾಗೇ ಇತ್ತು.

"ಇವ್ರು ಮಾತ್ರ ಅವನ್ನ ಬೈಯ್ಯಕ್ಕೆ ಬಿಡಲ್ಲ," ದನಿ ತಗ್ಗಿತು. "ಪಾಪ ಹೆದ್ರಿದ್ದ, ನಾನೇ ಎಂಜಿನ್ ಹತ್ರ ಹೋಗಬಾರ್ದಿತ್ತು ಅಂತಾರೆ. ಈಗ ಅಂಗಿ ಗುಂಡಿ ನಾನು ಹಾಕ್ಬೇಕು. ಮೊನ್ನೆ ಸ್ಪ್ಯಾನರ್ ಹಿಡಿಯಕ್ಕೆ ಹೋಗಿ ಕಾಲ ಮೇಲೆ ಬೀಳಿಸ್ಕೊಂಡ್ರು. ಬಿದ್ದದ್ದಕ್ಕೆ ತಾವೇ ನಗ್ತಾರೆ. ನಾನು ಒಳಗೆ ಹೋಗಿ ಅಳ್ತೀನಿ. ಅಳೋದು ಅವರಿಗೆ ಗೊತ್ತಾಗಬಾರ್ದಲ್ಲ. ಅದಕ್ಕೇ ಯಾರಾದ್ರೂ ಬಂದಾಗ ಹೀಗೆ ಬೈದು ಬಿಡ್ತೀನಿ. ತಪ್ಪು ತಿಳ್ಕೋಬೇಡಿ."

"ಇಲ್ಲ," ಎಂದೆ. "ಬೈರಿ."

ಅಷ್ಟರಲ್ಲಿ ಅಂಗಳದಲ್ಲಿ ಚಪ್ಪಲಿಯ ಸದ್ದಾಯಿತು. ಬಿಳಿ ಟೋಪಿ, ಬಲಗೈಗೆ ಬಿಳಿ ಪಟ್ಟಿ. ರಜಬ್ ಅಲಿ ನನ್ನನ್ನು ಕಂಡು ಮುಖವೆಲ್ಲ ಅರಳಿಸಿ ಹೇಳಿದರು: "ಓ, ರೈಟರೇ! ಯಾವಾಗ ಬಂದ್ರಿ ಮಾರಾಯ್ರೆ? ಮರಿಯಂ, ನೋಡು, ಯಾರು ಬಂದಿದ್ದಾರೆ! ಇವರೇ ಕೃಷ್ಣಯ್ಯನವರು!"

ಪರದೆಯ ಹಿಂದೆ ಬಳೆಗಳು ಒಮ್ಮೆ ಝಲ್ಲೆಂದವು.

ನಾನು ಎದ್ದು ನಿಂತೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ, ಒಳ್ಳೊಳ್ಳೆಯ ವಾಕ್ಯಗಳು. "ಸಾಬ್ರೇ, ನನ್ನಿಂದ..." ಎಂದೆ. ಮುಂದಕ್ಕೆ ಬರಲಿಲ್ಲ. ಕಿತ್ತಳೆಯ ಚೀಲ ಮುಂದೆ ಹಿಡಿದೆ. ಅವರು ಅದನ್ನು ಎಡಗೈಯಲ್ಲಿ ತೆಗೆದುಕೊಂಡು, "ಕೂತ್ಕೊಳ್ಳಿ, ಕೂತ್ಕೊಳ್ಳಿ" ಎಂದರು.

ಆಗ ಪರದೆ ಸರಿಯಿತು. ತಲೆಯ ಮೇಲೆ ಸೆರಗು ಹೊದ್ದ ಮರಿಯಂ ಹೊಸ್ತಿಲವರೆಗೆ ಬಂದು, ನನ್ನನ್ನು ಮೊದಲ ಸಲ ನೆಟ್ಟಗೆ ನೋಡಿದರು. ಆಮೇಲೆ ಸ್ಟೂಲಿನ ಕಡೆ ಕೈ ತೋರಿಸಿದರು.

"ಚಾ ಆರ್ತಾ ಉಂಟು, ಕುಡೀರಿ. ಬೈದಿದ್ದನ್ನ ಮಾತ್ರ ನಾನು ವಾಪಸ್ ತಗಳಲ್ಲ."